ಗೊರಸಿನ ನಂಬರು

ಅಜ್ಜಂಪುರದಾಚೆ ಈರುಳ್ಳಿ ಹೊಲ ಮುಗಿದು
ಕಾವಲು ಶುರುವಾಗುವಲ್ಲಿ ಬೇಲಿಯಿಲ್ಲ, ಗೇಟಿಲ್ಲ.
ಒಂದು ಕಮರದ ಮರ, ಅದರ ಕೊಂಬೆಗೆ
ಮಿಲಿಟರಿಯ ನೀರಿನ ಬಾಟಲಿ,
ಹಸಿರು ಬಟ್ಟೆ ಹರಿದು ತಗಡು ಕಾಣುತ್ತದೆ.
ಅದು ಕಂಡರೆ ನಾಯಕ್ ಕ್ಯಾತಪ್ಪನ ಸರಹದ್ದು.

ನಲವತ್ತೊಂದು ರಾಸು. ಒಂದಕ್ಕೂ ಮೂಗುದಾರವಿಲ್ಲ.
ನಾನು ಹೋದದ್ದು ಕಿವಿಗೆ ಓಲೆ ಚುಚ್ಚಲು:
ಹಳದಿ ಪ್ಲಾಸ್ಟಿಕ್, ಹನ್ನೆರಡು ಅಂಕಿ,
ಚೀಲದಲ್ಲಿ ಇಕ್ಕಳ, ಮೊಬೈಲಿನಲ್ಲಿ ಇಲಾಖೆಯ ಆ್ಯಪ್,
ಮಾರ್ಚ್ ಮೂವತ್ತೊಂದರೊಳಗೆ ಗುರಿ ಮುಟ್ಟಬೇಕು.

ಅವನು ಕೋಲನ್ನು ಹೆಗಲಿಗೆ ಅಡ್ಡ ಇಟ್ಟು
ಎರಡೂ ಕೈ ಅದಕ್ಕೆ ನೇತುಹಾಕಿ ನಿಂತಿದ್ದ.
ಎಡಗೈಯಲ್ಲಿ ಮೂರೇ ಬೆರಳು.
"ಬ್ಯಾಡ ಸಾ," ಅಂದ. "ಇವಕ್ಕೆ ಹೆಸರೈತೆ."
ಹೇಳಿಯೂ ಬಿಟ್ಟ: ಹೊಗೆಗಣ್ಣಿ, ತಿರುಗೋಡಿ,
ಬೀರೂರು ಸಂತೆಯಲ್ಲಿ ಕೊಟ್ಟರೆ ಮೂರೇ ದಿನಕ್ಕೆ
ಹಗ್ಗ ಕಡಿದು ವಾಪಸು ಬಂದ ಮಳ್ಳಿ, ಅವಳ ಮಗಳು ಚಿಕ್ಕಮಳ್ಳಿ...
ಹೆಸರು ಆ್ಯಪಿಗೆ ಸಾಲದು, ನಂಬರು ಬೇಕು ಅಂದೆ.

ಕೂತ. ಕಿವಿಯ ಸಂದಿನ ಬೀಡಿಯನ್ನು ಮುಟ್ಟಿಕೊಂಡ, ಹಚ್ಚಲಿಲ್ಲ;
ಒಣಹುಲ್ಲಿನ ತಿಂಗಳಲ್ಲಿ ಕಾವಲಿನೊಳಗೆ ಯಾರೂ ಹಚ್ಚುವುದಿಲ್ಲ.
"ನಾನು ಬಂದೂಕು ಹಿಡಿದೋನಲ್ಲ ಸಾ, ಲಗಾಮು ಹಿಡಿದೋನು.
ಹೇಸರಗತ್ತೆ ಪಲ್ಟನು. ದ್ರಾಸಿನಾಗೆ ರಾತ್ರಿ ಮ್ಯಾಕ್ಕೆ
ಗುಂಡು, ಸೀಮೆಎಣ್ಣೆ, ರೊಟ್ಟಿ.
ಬೆಳಗಿನ ಜಾವ ಕೆಳಕ್ಕೆ, ಒಂದೊಂದು ಸಾರಿ ಮನುಸ್ಯಾರು.
ಅವಳ ಗೊರಸಿನ ಮ್ಯಾಲೆ ಕಬ್ಬಿಣ ಕಾಯಿಸಿ ಬರೆದಿದ್ರು,
ಏಳ್ನೂರ ಮೂವತ್ತೊಂಬತ್ತು. ಗೊರಸು ಬೆಳೆದಂಗೆ
ನಂಬರು ಕೆಳಕ್ಕಿಳಿದು ಸವೆಯೋದು, ತಿರುಗ ಬರೆಯೋರು.
ಪಂಜಾಬಿನ ಪ್ರಾಣಿ. ನಮ್ಮ ಹಟ್ಟಿ ಮಾತಲ್ಲಿ
ಬಾರವ್ವ ಅಂದ್ರೆ ಬರೋಳು."

ಒಂದು ರಾತ್ರಿ ಶೆಲ್ಲು ಬಿತ್ತು.
ಅದನ್ನು ಅಷ್ಟೇ ಹೇಳಿದ, ಶೆಲ್ಲು ಬಿತ್ತು.
ಆಮೇಲಿನದನ್ನು ಬಿಡಿಸಿ ಬಿಡಿಸಿ ಹೇಳಿದ:
ಜೀನು ತಾನೇ ಹೊತ್ತು ಕ್ಯಾಂಪಿಗೆ ಇಳಿದದ್ದು,
ಲೆಕ್ಕಕ್ಕೆ ಗೊರಸೆಲ್ಲಿ ಎಂದು ಸುಬೇದಾರ ಕೇಳಿದ್ದು,
ಮತ್ತೆ ಹತ್ತಿದ್ದು, ಚಾಕು ಮೊಂಡಾಗಿದ್ದದ್ದು,
ಕೈಚೀಲ ಬಿಚ್ಚದೆ ಹಿಡಿತ ಸಿಗದಿದ್ದದ್ದು,
ಲಾಳ ಕಟ್ಟುವಾಗ ಇಟ್ಟುಕೊಂಡ ಹಾಗೇ ಅವಳ ಮುಂಗಾಲನ್ನು
ತೊಡೆಯ ಮೇಲಿಟ್ಟುಕೊಂಡು ಕೂತದ್ದು, ಬೆಳಕು ಹರಿಯುವ ತನಕ.
ಬೆರಳು ಹೋದದ್ದು ಅಲ್ಲಿ.
ಗೊರಸಿಗೆ ರಸೀದಿ ಕೊಟ್ಟರಂತೆ.

"ಇವತ್ತು ಕಿವೀಲಿ ನಂಬರು ಆಕ್ತೀರ. ನಾಳೆ ಕಿವಿ ಕೇಳ್ತೀರ."

ಇಲ್ಲ ಎನ್ನಲು ಬಾಯಿ ತೆರೆದೆ.
ಆದರೆ ನನ್ನ ಕಚೇರಿ ಬೀರುವಿನ ಕೆಳಗಿನ ಖಾನೆಯಲ್ಲಿ,
ವಿಮೆಯ ಫೈಲುಗಳ ಹಿಂದೆ, ಉಪ್ಪು ಸವರಿದ ಕವರುಗಳಲ್ಲಿ
ಹದಿನಾಲ್ಕು ಕಿವಿಗಳಿವೆ, ಓಲೆ ಸಮೇತ.
ಓಲೆಯಿಲ್ಲದೆ ದುಡ್ಡಿಲ್ಲ ಎಂದು ನಾನೇ
ಶಿವನಿ ಕಡೆಯ ಹೆಂಗಸೊಬ್ಬಳ ಕೈಗೆ ಕುಡುಗೋಲು ಕೊಟ್ಟು
ಆಚೆ ತಿರುಗಿ ನಿಂತಿದ್ದೆ.
ಅವಳ ಎಮ್ಮೆಯ ಮೈ ಇನ್ನೂ ಬಿಸಿಯಿತ್ತು.

ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು ಬಂದೆ ಎಂದರೆ ಸುಳ್ಳು.
ಗುರಿ ಗುರಿಯೇ.
ಅವನೇ ಎದ್ದ. ಹೊಗೆಗಣ್ಣಿಯನ್ನು ಹಿಡಿಯಲೂ ಇಲ್ಲ,
ಗಂಗೆದೊಗಲ ಮೇಲೆ ಮೂರು ಬೆರಳಿಟ್ಟ, ಅದು ನಿಂತಿತು.
ಟಕ್. ಒಂದು ಹನಿ ರಕ್ತ. ಟಕ್.
ಇಪ್ಪತ್ತೆಂಟಾಗುವ ಹೊತ್ತಿಗೆ ಬೀರೂರಿನ ರೈಲು ಹೋಯಿತು, ಬಿಸಿಲು ಹೋಯಿತು.
ಉಳಿದವು ಹಳ್ಳದ ಆಚೆ ಮೇಯುತ್ತಿದ್ದವು.
ಅವನು ಕರೆಯಲಿಲ್ಲ. ನಾನು ಕೇಳಲಿಲ್ಲ.

"ಇನ್ನೊಂದು ಬರ್ಕೊಳ್ಳಿ ಸಾ. ಏಳು ಮೂರು ಒಂಬತ್ತು."
ಒತ್ತಿದೆ. ಪರದೆ ಕೆಂಪಾಯಿತು:
ಹನ್ನೆರಡು ಅಂಕಿ ಬೇಕು.
"ಬರ್ಕೊಂಡ್ರಾ?"
"ಬರ್ಕೊಂಡೆ."

ಬೈಕು ಕಮರದ ಮರ ದಾಟುವಾಗ ಬೆನ್ನ ಹಿಂದೆ
ಅವನ ದನಿ ಎದ್ದಿತು, ಹಳ್ಳದಾಚೆಯ ಹದಿಮೂರಕ್ಕೂ,
ಒಂದೊಂದರ ಹೆಸರು ಹಿಡಿದು.